ಗ್ರಂಥಾಲಯ ಶಿಲ್ಪಿ ಡಾ. ರಂಗನಾಥನ್

ಪುಸ್ತಕಗಳನ್ನು ಕೂಡಿಡುವುದು ಒಂದು ಕೆಲಸ. ಕೂಡಿಟ್ಟ ಪುಸ್ತಕಗಳಲ್ಲಿ ಬೇಕಾದುದು ಬೇಕಾದವನ ಕೈಗೆ ಬೇಕಾದ ಹೊತ್ತಿಗೆ ದೊರೆಯುವಂತೆ ಮಾಡುವುದು ಬೇರೊಂದು ಕೆಲಸ. ಮೊದಲನೆಯದಕ್ಕೆ ಹಣವಿದ್ದರೆ ಸಾಕು. ಎರಡನೆಯದಕ್ಕೆ ಶಾಸ್ತ್ರಬುದ್ಧಿ ಬೇಕು, ತಾಳ್ಮೆ ಬೇಕು, ಓದುಗನ ಮೇಲೆ ಪ್ರೀತಿ ಬೇಕು. ಲಕ್ಷ ಪುಸ್ತಕಗಳ ರಾಶಿಯಲ್ಲಿ ಹುದುಗಿಹೋಗಿ ಯಾರಿಗೂ ಸಿಕ್ಕದ ಪುಸ್ತಕ ಇದ್ದೂ ಇಲ್ಲದಂತೆಯೇ ಸರಿ. ಈ ಎರಡನೆಯ ಕೆಲಸವನ್ನು ಬಾಳಿನ ವ್ರತವಾಗಿ ಕೈಕೊಂಡು, ಅದಕ್ಕೊಂದು ಶಾಸ್ತ್ರವನ್ನೇ ನಿರ್ಮಿಸಿ, ಭಾರತದ ಹೆಸರನ್ನು ಪ್ರಪಂಚದ ಗ್ರಂಥಾಲಯಗಳಲ್ಲೆಲ್ಲ ಬೆಳಗಿಸಿದ ಮಹನೀಯರು ಶಿಯಾಳಿ ರಾಮಾಮೃತ ರಂಗನಾಥನ್.

ರಂಗನಾಥನ್ ಅವರು 1892ರ ಆಗಸ್ಟ್ ತಿಂಗಳಿನಲ್ಲಿ, ತಮಿಳುನಾಡಿನ ತಂಜಾವೂರು ಸೀಮೆಯ ಶಿಯಾಳಿ ಎಂಬ ಊರಿನಲ್ಲಿ ಜನಿಸಿದರು. ಕಾವೇರಿಯ ನೀರಿನಿಂದ ಹಸಿರಾದ ನಾಡು ಅದು. ತಂದೆ ರಾಮಾಮೃತ ಅಯ್ಯರ್, ತಾಯಿ ಸೀತಾಲಕ್ಷ್ಮಿ. ಮಗುವಿಗೆ ಆರು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ಬಂಧುಗಳ ಆಸರೆಯಲ್ಲಿ ಬೆಳೆದ ಬಾಲಕ ಊರಿನ ಹಿಂದೂ ಪ್ರೌಢಶಾಲೆಯಲ್ಲಿ ಓದಿ, ಮುಂದಿನ ವ್ಯಾಸಂಗಕ್ಕೆ ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದನು. ಮಾತನಾಡುವಾಗ ತೊದಲುವ ತೊಡಕು ಆತನಿಗಿದ್ದಿತು. ಗಣಿತಕ್ಕೆ ನಾಲಗೆಯ ಹಂಗಿಲ್ಲ. ಆತನ ಮನಸ್ಸು ಅಲ್ಲಿ ನೆಲೆಗೊಂಡಿತು. 1913ರಲ್ಲಿ ಬಿ.ಎ. ಪದವಿಯೂ 1916ರಲ್ಲಿ ಗಣಿತದಲ್ಲಿ ಎಂ.ಎ. ಪದವಿಯೂ ದೊರೆತವು. ಆ ಕಾಲೇಜಿನ ಗಣಿತ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ರಾಸ್ ಅವರನ್ನು ರಂಗನಾಥನ್ ತಮ್ಮ ಜೀವಮಾನವೆಲ್ಲ ಗುರುವೆಂದು ಭಾವಿಸಿದರು.

ಅನಂತರ ಸೈದಾಪೇಟೆಯ ಅಧ್ಯಾಪಕರ ಕಾಲೇಜಿನಲ್ಲಿ ತರಬೇತಿ ಪಡೆದು, 1917ರಲ್ಲಿ ಗಣಿತದ ಅಧ್ಯಾಪಕರಾಗಿ ಅವರು ಮೊದಲು ಬಂದುದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿಗೆ. ಅಲ್ಲಿಂದ ಕೊಯಮತ್ತೂರಿಗೂ, ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ವರ್ಗವಾಯಿತು. ತೊದಲನ್ನು ಛಲದಿಂದ ಹಿಡಿತದಲ್ಲಿಟ್ಟುಕೊಂಡ ಈ ತರುಣ ಅಧ್ಯಾಪಕರ ತರಗತಿಗಳಲ್ಲಿ ವಿದ್ಯಾರ್ಥಿಗಳು ಉತ್ಸಾಹದಿಂದ ಕಲಿಯುತ್ತಿದ್ದರು. ಬೋಧನೆಯೇ ತಮ್ಮ ಬಾಳಿನ ದಾರಿಯೆಂದು ಅವರು ನಂಬಿದ್ದರು. ಆದರೆ ವಿಧಿ ಬೇರೊಂದು ದಾರಿಯನ್ನು ತೆರೆದಿಟ್ಟಿತ್ತು.

1923ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ತನ್ನ ಗ್ರಂಥಾಲಯಕ್ಕೆ ಒಬ್ಬ ಗ್ರಂಥಪಾಲರನ್ನು ನೇಮಿಸಲು ನಿರ್ಧರಿಸಿತು. ಸುಮಾರು ಒಂಬೈನೂರು ಮಂದಿ ಅರ್ಜಿ ಹಾಕಿದರು. ಅವರಲ್ಲಿ ಗ್ರಂಥಾಲಯದ ಕೆಲಸವನ್ನು ಕ್ರಮವಾಗಿ ಕಲಿತವನು ಒಬ್ಬನೂ ಇರಲಿಲ್ಲ. ಅಧ್ಯಾಪಕರಿಗೆ ಸಿಗುತ್ತಿದ್ದ ಸಂಬಳ ಅಲ್ಪವಾಗಿದ್ದುದರಿಂದ, ಗೆಳೆಯರ ಒತ್ತಾಯಕ್ಕೆ ಕಟ್ಟುಬಿದ್ದು ರಂಗನಾಥನ್ ಅವರೂ ಅರ್ಜಿ ಸಲ್ಲಿಸಿದ್ದರು. ಸಂದರ್ಶನಕ್ಕೆ ಕೆಲವು ದಿನಗಳ ಮುಂಚೆ ವಿಶ್ವಕೋಶವೊಂದರಲ್ಲಿ ಗ್ರಂಥಾಲಯಗಳ ವಿಚಾರವಾಗಿದ್ದ ಲೇಖನವನ್ನು ಓದಿಕೊಂಡುದೇ ಅವರ ಸಿದ್ಧತೆ. ಆಯ್ಕೆ ಅವರದೇ ಆಯಿತು. 1924ರ ಜನವರಿಯಲ್ಲಿ ಅವರು ಅಧಿಕಾರ ವಹಿಸಿಕೊಂಡರು.

ಆದರೆ ಆ ಕೆಲಸ ಅವರಿಗೆ ರುಚಿಸಲಿಲ್ಲ. ತರಗತಿಯ ಕಲರವದಲ್ಲಿ ಬದುಕಿದ್ದವರಿಗೆ ಗ್ರಂಥಾಲಯದ ಮೌನ ಸೆರೆಮನೆಯಂತೆ ತೋರಿತು. ಓದಲು ಬರುವವರೇ ವಿರಳ. ಪುಸ್ತಕಗಳು ಧೂಳು ತಿನ್ನುತ್ತ ಕುಳಿತಿದ್ದವು. ಕೆಲವೇ ದಿನಗಳಲ್ಲಿ ಅವರು ಹಿಂದಿನ ಕಾಲೇಜಿನ ಪ್ರಾಂಶುಪಾಲರ ಬಳಿಗೆ ಹೋಗಿ, ತಮ್ಮನ್ನು ಮರಳಿ ಅಧ್ಯಾಪಕನನ್ನಾಗಿ ಸೇರಿಸಿಕೊಳ್ಳಬೇಕೆಂದು ಬೇಡಿಕೊಂಡರು. ಗ್ರಂಥಪಾಲರು ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತುಬರಬೇಕೆಂಬ ನಿಬಂಧನೆ ಆ ಹುದ್ದೆಗೆ ಇದ್ದಿತು. ಒಮ್ಮೆ ಹೋಗಿ ಬರಲಿ, ಬಂದ ಮೇಲೂ ಬೇಸರ ಉಳಿದಿದ್ದರೆ ಕಾಲೇಜಿನ ಬಾಗಿಲು ತೆರೆದಿರುತ್ತದೆ ಎಂಬ ಒಪ್ಪಂದವಾಯಿತು. ಆ ಒಪ್ಪಂದದ ಧೈರ್ಯದಿಂದಲೇ ಅವರು ಹಡಗನ್ನೇರಿದರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗ್ರಂಥಾಲಯ ವಿದ್ಯೆಯ ಶಾಲೆಯೊಂದಿತ್ತು. ಅಲ್ಲಿ ವರ್ಗೀಕರಣವನ್ನು ಬೋಧಿಸುತ್ತಿದ್ದ ಬರ್ವಿಕ್ ಸೇಯರ್ಸ್ ಅವರು ಕ್ರಾಯ್ಡನ್ ಪಟ್ಟಣದ ಗ್ರಂಥಪಾಲರೂ ಆಗಿದ್ದರು. ಈ ಭಾರತೀಯ ವಿದ್ಯಾರ್ಥಿಯ ಬುದ್ಧಿಯ ಮೊನಚನ್ನು ಗುರುತಿಸಿ, ಅವರು ತಮ್ಮ ಗ್ರಂಥಾಲಯದಲ್ಲಿಯೇ ಕೆಲಸ ಕಲಿಯಲು ಅವಕಾಶ ಮಾಡಿಕೊಟ್ಟರು. ರಂಗನಾಥನ್ ಅವರು ಇಂಗ್ಲೆಂಡಿನ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಕಾರ್ಖಾನೆಯ ಕೆಲಸಗಾರರು, ಗೃಹಿಣಿಯರು, ಮಕ್ಕಳು ಎಲ್ಲರೂ ನಿಸ್ಸಂಕೋಚವಾಗಿ ಒಳಗೆ ಬಂದು, ತಾವೇ ಪುಸ್ತಕ ಆರಿಸಿ, ಮನೆಗೆ ಕೊಂಡೊಯ್ಯುತ್ತಿದ್ದುದನ್ನು ಕಂಡರು. ತಮ್ಮ ನಾಡಿನಲ್ಲಿ ಅಕ್ಷರವೇ ದೊರೆಯದ ಕೋಟಿ ಕೋಟಿ ಜನರ ನೆನಪು ಅವರ ಕಣ್ಣ ಮುಂದೆ ನಿಂತಿತು. ಗ್ರಂಥಾಲಯವೆಂದರೆ ಉಗ್ರಾಣವಲ್ಲ, ಅದೂ ಒಂದು ಪಾಠಶಾಲೆ, ಎಲ್ಲ ವಯಸ್ಸಿನವರಿಗೂ ಬಾಗಿಲು ತೆರೆದ ಪಾಠಶಾಲೆ ಎಂಬುದು ಅವರಿಗೆ ಹೊಳೆಯಿತು. ಬೇಸರ ಕಳೆದುಹೋಯಿತು. 1925ರಲ್ಲಿ ಮದರಾಸಿಗೆ ಮರಳಿದ ಮೇಲೆ ಅವರು ಕಾಲೇಜಿನ ಬಾಗಿಲನ್ನು ತಟ್ಟಲಿಲ್ಲ.

ಅದೇ ಲಂಡನ್ನಿನ ವಾಸದಲ್ಲಿ ಅವರನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಆಗ ಎಲ್ಲೆಡೆ ಬಳಕೆಯಲ್ಲಿದ್ದುದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ. ಅದರಲ್ಲಿ ಜ್ಞಾನವನ್ನೆಲ್ಲ ಹತ್ತು ವಿಭಾಗಗಳನ್ನಾಗಿ, ಅವನ್ನು ಮತ್ತೆ ಹತ್ತು ಹತ್ತಾಗಿ ಒಡೆದು, ಪ್ರತಿಯೊಂದು ವಿಷಯಕ್ಕೂ ಮೊದಲೇ ಒಂದು ಅಂಕಿಯನ್ನು ಗೊತ್ತುಮಾಡಿರುತ್ತಾರೆ. ಮನೆಗಳಿಗೆಲ್ಲ ಸಂಖ್ಯೆ ಕೊಟ್ಟ ಬೀದಿಯಂತೆ ಅದು ಅಚ್ಚುಕಟ್ಟಾದುದು. ಆದರೆ ಎರಡು ಮನೆಗಳ ನಡುವೆ ಹೊಸ ಮನೆಯೊಂದು ಎದ್ದರೆ ಗತಿಯೇನು? ಮುಂದೆ ಹುಟ್ಟಲಿರುವ ವಿಷಯಗಳಿಗೆಲ್ಲ ಇಂದೇ ಪಟ್ಟಿ ಬರೆದಿಡುವುದು ಯಾರಿಂದ ಸಾಧ್ಯ? ಈ ಚಿಂತೆಯಲ್ಲಿದ್ದಾಗ ಲಂಡನ್ನಿನ ದೊಡ್ಡ ಅಂಗಡಿಯೊಂದರಲ್ಲಿ ಮಕ್ಕಳ ಆಟದ ಸಾಮಾನೊಂದು ಅವರ ಕಣ್ಣಿಗೆ ಬಿದ್ದಿತು. ತೂತುಗಳುಳ್ಳ ಲೋಹದ ಪಟ್ಟಿಗಳು, ಗಾಲಿಗಳು, ತಿರುಪುಗಳು ಮೊದಲಾದ ಕೆಲವೇ ಬಿಡಿಭಾಗಗಳನ್ನು ಬಗೆಬಗೆಯಾಗಿ ಜೋಡಿಸಿ ಅಂಗಡಿಯವನು ಒಮ್ಮೆ ಒಂದು ಆಟಿಕೆಯನ್ನೂ ಮತ್ತೊಮ್ಮೆ ಮತ್ತೊಂದನ್ನೂ ಮಾಡಿ ತೋರಿಸುತ್ತಿದ್ದನು. ಗಣಿತಜ್ಞನ ಮನಸ್ಸಿಗೆ ಅಷ್ಟು ಸಾಕಾಗಿತ್ತು. ವಿಷಯಗಳ ಸಿದ್ಧ ಪಟ್ಟಿ ಬೇಡ, ವಿಷಯಗಳನ್ನು ಕಟ್ಟುವ ಬಿಡಿಭಾಗಗಳ ಪಟ್ಟಿ ಸಾಕು, ಬೇಕಾದಂತೆ ಜೋಡಿಸಿಕೊಳ್ಳಬಹುದು!

ಊರಿಗೆ ಮರಳುವ ಹಡಗಿನಲ್ಲಿಯೇ ಅವರು ಈ ಹೊಸ ಪದ್ಧತಿಯ ಕರಡನ್ನು ಸಿದ್ಧಪಡಿಸಿ, ಹಡಗಿನ ಪುಸ್ತಕಗಳ ಮೇಲೆ ಅದನ್ನು ಪ್ರಯೋಗಿಸಿ ನೋಡಿದರು. ಅನೇಕ ವರ್ಷಗಳ ತಿದ್ದುಪಡಿಯ ಅನಂತರ ಅದು 1933ರಲ್ಲಿ ಅಚ್ಚಾಯಿತು. ಭಾಗಗಳನ್ನು ಕೂಡಿಸಲು ಒಂದರ ಮೇಲೊಂದು ಇರುವ ಎರಡು ಚುಕ್ಕೆಗಳ ಚಿಹ್ನೆಯನ್ನು ಬಳಸಿದ್ದರಿಂದ ಅದಕ್ಕೆ ಕೋಲನ್ ವರ್ಗೀಕರಣ, ಅಂದರೆ ದ್ವಿಬಿಂದು ವರ್ಗೀಕರಣ ಎಂದು ಹೆಸರಾಯಿತು.

ಒಂದು ನಿದರ್ಶನದಿಂದ ಇದು ಸ್ಪಷ್ಟವಾಗುತ್ತದೆ. ಶ್ವಾಸಕೋಶಕ್ಕೆ ತಗುಲಿದ ಕ್ಷಯರೋಗಕ್ಕೆ ಭಾರತದಲ್ಲಿ 1950ರಲ್ಲಿ ನಡೆದ ಚಿಕಿತ್ಸೆಯನ್ನು ಕುರಿತ ಪುಸ್ತಕವೊಂದಿದೆ ಎನ್ನಿ. ಇದರ ವಿಷಯ ಒಂದೇ ಎಂದು ತೋರಿದರೂ ಅದರಲ್ಲಿ ಹಲವು ಮುಖಗಳಿವೆ. ಶಾಸ್ತ್ರ ವೈದ್ಯ, ಅಂಗ ಶ್ವಾಸಕೋಶ, ರೋಗ ಕ್ಷಯ, ಕ್ರಿಯೆ ಚಿಕಿತ್ಸೆ, ದೇಶ ಭಾರತ, ಕಾಲ 1950. ಒಂದೊಂದು ಮುಖಕ್ಕೂ ಒಂದೊಂದು ಚಿಹ್ನೆಯನ್ನು ಕೊಟ್ಟು, ಗೊತ್ತಾದ ಅನುಕ್ರಮದಲ್ಲಿ ಅವನ್ನು ಪೋಣಿಸಿದರೆ ಪುಸ್ತಕದ ವಿಳಾಸ ಸಿದ್ಧವಾಯಿತು. ನಾಳೆ ಬೇರೊಂದು ಅಂಗದ, ಬೇರೊಂದು ರೋಗದ ಪುಸ್ತಕ ಬಂದರೂ ತೊಡಕಿಲ್ಲ. ಹೂವು ಬದಲಾದರೂ ಹಾರ ಕಟ್ಟುವ ಕ್ರಮ ಅದೇ. ಎಂತಹ ವಿಷಯದ ಮುಖಗಳನ್ನಾದರೂ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲವರ್ಗಗಳಲ್ಲಿ ಅಡಕಗೊಳಿಸಬಹುದೆಂದು ಅವರು ಮುಂದೆ ಪ್ರತಿಪಾದಿಸಿದರು.

ಪುಸ್ತಕಕ್ಕೆ ಸ್ಥಳ ಗೊತ್ತುಮಾಡಿದರೆ ಸಾಲದು. ಅದರ ವಿವರಗಳನ್ನು ಬರೆದಿಡುವ ಸೂಚಿಯೂ ಸಮರ್ಪಕವಾಗಿರಬೇಕು. ಕುವೆಂಪು ಅವರ ಕೃತಿಯನ್ನು ಒಬ್ಬ ಓದುಗನು ಕಾವ್ಯನಾಮದಿಂದ ಹುಡುಕಿಯಾನು, ಮತ್ತೊಬ್ಬನು ಕೆ. ವಿ. ಪುಟ್ಟಪ್ಪ ಎಂಬ ಹೆಸರಿನಿಂದ ಹುಡುಕಿಯಾನು. ಸೂಚಿಯನ್ನು ಬರೆದವನು ಇಬ್ಬರನ್ನೂ ಒಂದೇ ಪುಸ್ತಕದ ಬಳಿಗೆ ಕರೆದೊಯ್ಯಬೇಕು. ಒಂದು ಗ್ರಂಥಾಲಯದಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಬರೆದರೆ ಗೊಂದಲ ತಪ್ಪದು. ಇಂತಹ ಸಮಸ್ಯೆಗಳಿಗೆಲ್ಲ ನಿಯಮಗಳನ್ನು ಒದಗಿಸಿ, 1934ರಲ್ಲಿ ರಂಗನಾಥನ್ ಅವರು ವರ್ಗೀಕೃತ ಸೂಚಿಯ ಸಂಹಿತೆಯನ್ನು ಪ್ರಕಟಿಸಿದರು. ಪಾಶ್ಚಾತ್ಯ ಸಂಹಿತೆಗಳು ಅಷ್ಟಾಗಿ ಗಮನಿಸದಿದ್ದ ಭಾರತೀಯ ಹೆಸರುಗಳ ಸ್ವರೂಪವನ್ನೂ ಅವರು ಕೂಲಂಕಷವಾಗಿ ವಿವೇಚಿಸಿದರು.

ಈ ಎಲ್ಲ ನಿಯಮಗಳ ಹಿಂದೆ ಕೆಲವು ಮೂಲತತ್ತ್ವಗಳಿರಬೇಕೆಂದು ಅವರ ಗಣಿತದ ಮನಸ್ಸು ಹಂಬಲಿಸುತ್ತಿತ್ತು. 1928ರಲ್ಲಿ ಗುರು ರಾಸ್ ಅವರೊಡನೆ ಈ ಹಂಬಲವನ್ನು ತೋಡಿಕೊಂಡಾಗ, ಪುಸ್ತಕಗಳು ಇರುವುದು ಉಪಯೋಗಕ್ಕಾಗಿ ಎಂಬ ಸರಳ ಸೂಚನೆಯೊಂದು ಅವರಿಂದ ಬಂದಿತು. ಮೊದಲನೆಯ ಎಳೆ ಸಿಕ್ಕಿತು. ಉಳಿದುವು ಒಂದರ ಹಿಂದೊಂದು ಬಿಚ್ಚಿಕೊಂಡವು. ಓದಬಯಸುವ ಪ್ರತಿಯೊಬ್ಬನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕು. ಪ್ರತಿ ಪುಸ್ತಕಕ್ಕೂ ಅದಕ್ಕೆ ತಕ್ಕ ಓದುಗ ಸಿಕ್ಕಬೇಕು. ಓದುಗನ ವೇಳೆ ವ್ಯರ್ಥವಾಗಬಾರದು. ಗ್ರಂಥಾಲಯವು ಜೀವಿಯಂತೆ ಸದಾ ಬೆಳೆಯುತ್ತಿರುತ್ತದೆ ಎಂಬುದನ್ನು ಮರೆಯಬಾರದು. ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳೆಂದು ಹೆಸರಾದ ಈ ತತ್ತ್ವಗಳನ್ನು ವಿವರಿಸುವ ಗ್ರಂಥ 1931ರಲ್ಲಿ ಹೊರಬಂದಿತು.

ಒಬ್ಬ ವ್ಯಕ್ತಿ ಎಷ್ಟೇ ದೊಡ್ಡವನಾದರೂ ಒಂಟಿಯಾಗಿ ಒಂದು ನಾಡಿನ ಅಭ್ಯಾಸವನ್ನು ಬದಲಾಯಿಸಲಾರ. ಇದನ್ನು ಅರಿತ ರಂಗನಾಥನ್ ಅವರು 1928ರಲ್ಲಿ ಮದರಾಸು ಗ್ರಂಥಾಲಯ ಸಂಘವನ್ನು ಕಟ್ಟಲು ಮುಂದಾಳಾದರು. ಅದರ ಕಾರ್ಯದರ್ಶಿಯಾಗಿ 1945ರವರೆಗೆ ದುಡಿದರು. ಪಂಚಸೂತ್ರಗಳ ಗ್ರಂಥವನ್ನೂ ದ್ವಿಬಿಂದು ವರ್ಗೀಕರಣವನ್ನೂ ಪ್ರಕಟಿಸಿದುದು ಈ ಸಂಘವೇ. ಗ್ರಂಥಪಾಲರಿಗೆ ತರಬೇತಿ ನೀಡುವ ಶಾಲೆಯನ್ನು 1929ರಲ್ಲಿ ಆರಂಭಿಸಿದುದೂ ಈ ಸಂಘವೇ. 1931ರಲ್ಲಿ ಮನ್ನಾರ್ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಪಯಣ ಹೊರಟವು. ಗ್ರಂಥಾಲಯಕ್ಕೆ ಬರಲಾರದವರ ಬಳಿಗೆ ಗ್ರಂಥಾಲಯವೇ ನಡೆದುಹೋದ ಆ ದೃಶ್ಯವನ್ನು ನೀವೇ ಊಹಿಸಿಕೊಳ್ಳಿರಿ.

ದಾನಿಗಳ ಔದಾರ್ಯವನ್ನೇ ನಂಬಿದ ಗ್ರಂಥಾಲಯ ದಾನಿಯೊಡನೆಯೇ ಅಳಿಯುತ್ತದೆ. ಕಾನೂನಿನ ಬೆಂಬಲವಿದ್ದರೆ ಮಾತ್ರ ಅದು ಬಾಳುತ್ತದೆ ಎಂಬುದು ಅವರ ದೃಢ ಅಭಿಪ್ರಾಯ. 1930ರಲ್ಲಿ ಕಾಶಿಯಲ್ಲಿ ನಡೆದ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ಅವರು ಮಾದರಿ ಗ್ರಂಥಾಲಯ ಕಾಯಿದೆಯೊಂದನ್ನು ಮಂಡಿಸಿದರು. ಜನರಿಂದ ಒಂದು ಅಲ್ಪ ಕರವನ್ನು ಪಡೆದು ಜನರಿಗೇ ಪುಸ್ತಕಗಳನ್ನು ಒದಗಿಸಬೇಕೆಂಬ ಈ ಯೋಚನೆ ಅಧಿಕಾರದಲ್ಲಿದ್ದವರಿಗೆ ಬೇಗ ಹಿಡಿಸಲಿಲ್ಲ. ವರ್ಷಗಳು ಉರುಳಿದವು. ಹದಿನೆಂಟು ವರ್ಷಗಳ ಬಳಿಕ, ಅವಿನಾಶಿಲಿಂಗಂ ಚೆಟ್ಟಿಯಾರ್ ಅವರು ವಿದ್ಯಾಮಂತ್ರಿಗಳಾಗಿದ್ದಾಗ, 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆ ಅಂಗೀಕಾರವಾಯಿತು. ಸ್ವತಂತ್ರ ಭಾರತದ ಮೊಟ್ಟಮೊದಲ ಗ್ರಂಥಾಲಯ ಕಾಯಿದೆ ಅದು.

ಈ ಸಾಧನೆಯ ಹಿಂದಿನ ಬಾಳು ಸುಗಮವಾಗಿರಲಿಲ್ಲ. 1928ರಲ್ಲಿ, ಸಂಘ ಹುಟ್ಟಿದ ವರ್ಷವೇ, ಪತ್ನಿ ರುಕ್ಮಿಣಿಯವರು ತೀರಿಕೊಂಡರು. ಮರುವರ್ಷ ಶಾರದಾ ಅವರೊಡನೆ ವಿವಾಹವಾಯಿತು. ಮನೆಯ ಹೊರೆಯನ್ನೆಲ್ಲ ತಾವೇ ಹೊತ್ತು, ಗಂಡನ ತಪಸ್ಸಿಗೆ ಭಂಗ ಬಾರದಂತೆ ನೋಡಿಕೊಂಡ ಸಾಧ್ವಿ ಆಕೆ. ರಂಗನಾಥನ್ ಅವರು ಭಾನುವಾರವೆನ್ನದೆ ಹಬ್ಬವೆನ್ನದೆ ದಿನಕ್ಕೆ ಹನ್ನೆರಡು ಹದಿಮೂರು ಗಂಟೆ ದುಡಿಯುತ್ತಿದ್ದರು. ಮದರಾಸಿನ ಗ್ರಂಥಾಲಯದಲ್ಲಿ ಅವರು ಕಪಾಟುಗಳ ಬೀಗ ತೆಗೆಸಿ, ಓದುಗರು ತಾವೇ ಪುಸ್ತಕಗಳ ನಡುವೆ ನಡೆದಾಡಿ ಆರಿಸಿಕೊಳ್ಳುವಂತೆ ಮಾಡಿದರು. ಬಾಗಿಲು ತೆರೆದಿರುವ ವೇಳೆಯನ್ನು ಹೆಚ್ಚಿಸಿದರು. ಧೂಳು ತಿನ್ನುತ್ತಿದ್ದ ಗ್ರಂಥಾಲಯ ಓದುಗರಿಂದ ತುಂಬಿತು.

ಇಪ್ಪತ್ತು ವರ್ಷಗಳಿಗೂ ಮಿಕ್ಕ ಸೇವೆಯ ಅನಂತರ, 1945ರಲ್ಲಿ ಅವರು ಮದರಾಸನ್ನು ಬಿಟ್ಟರು. ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದ ಕರೆಗೆ ಓಗೊಟ್ಟು, ಅಲ್ಲಿಯ ಸುಮಾರು ಒಂದು ಲಕ್ಷ ಪುಸ್ತಕಗಳ ವರ್ಗೀಕರಣಕ್ಕೆ ತಾವೇ ಕೈಹಚ್ಚಿದರು. 1947ರಲ್ಲಿ ದೆಹಲಿ ವಿಶ್ವವಿದ್ಯಾನಿಲಯವನ್ನು ಸೇರಿ, ಗ್ರಂಥಾಲಯ ವಿಜ್ಞಾನವನ್ನು ಉನ್ನತ ವ್ಯಾಸಂಗದ ವಿಷಯವನ್ನಾಗಿ ಬೆಳೆಸಿದರು. 1944ರಿಂದ 1953ರವರೆಗೆ ಭಾರತೀಯ ಗ್ರಂಥಾಲಯ ಸಂಘದ ಅಧ್ಯಕ್ಷರಾಗಿದ್ದರು. ಅಂತರರಾಷ್ಟ್ರೀಯ ಪ್ರಲೇಖನ ಒಕ್ಕೂಟದ ಉಪಾಧ್ಯಕ್ಷ ಪದವಿಯೂ ಅವರನ್ನು ಅರಸಿ ಬಂದಿತು. ಸಂಘದ ಹಿರಿತನವೆಂದರೆ ಅವರ ಪಾಲಿಗೆ ವೇದಿಕೆಯ ಮೇಲಿನ ಕುರ್ಚಿಯಲ್ಲ. ಪತ್ರಿಕೆಯನ್ನು ಹೊರತರುವುದು, ಪರಿಭಾಷೆಯನ್ನು ಗೊತ್ತುಪಡಿಸುವುದು, ಕಿರಿಯರ ಕೈಯಲ್ಲಿ ಸಂಶೋಧನೆ ಮಾಡಿಸುವುದು. ತಮ್ಮ ಉಳಿತಾಯದಿಂದ ಒಂದು ಲಕ್ಷ ರೂಪಾಯಿಗಳನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ದಾನಮಾಡಿ, ಗ್ರಂಥಾಲಯ ವಿಜ್ಞಾನದಲ್ಲಿ ಪ್ರಾಧ್ಯಾಪಕ ಪೀಠವೊಂದನ್ನು ಸ್ಥಾಪಿಸಿದರು. ಆ ಪೀಠಕ್ಕೆ ಇಟ್ಟ ಹೆಸರು ಪತ್ನಿ ಶಾರದಾ ಅವರದು.

ಕೆಲಕಾಲ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿದ್ದು, 1957ರಲ್ಲಿ ಸ್ವದೇಶಕ್ಕೆ ಮರಳಿದ ರಂಗನಾಥನ್ ಅವರು ನೆಲೆಸಲು ಆರಿಸಿಕೊಂಡುದು ನಮ್ಮ ಬೆಂಗಳೂರನ್ನು. ಅದೇ ವರ್ಷ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿತು. 1962ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಬೆಂಗಳೂರಿನಲ್ಲಿ ಕಟ್ಟಿದರು. 1965ರಲ್ಲಿ ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ನೇಮಿಸಲಾಯಿತು. ಅದೇ 1965ರಲ್ಲಿ ನಮ್ಮ ರಾಜ್ಯವೂ ಸಾರ್ವಜನಿಕ ಗ್ರಂಥಾಲಯ ಕಾಯಿದೆಯನ್ನು ಅಂಗೀಕರಿಸಿ, ಅವರು ಬಹುಕಾಲದಿಂದ ಸಾರುತ್ತಿದ್ದ ದಾರಿಯಲ್ಲಿ ಹೆಜ್ಜೆಯಿಟ್ಟಿತು. ಇಷ್ಟೆಲ್ಲದರ ನಡುವೆ ಹಳೆಯ ಗಣಿತಪ್ರೇಮವೂ ಬತ್ತಿರಲಿಲ್ಲ. 1967ರಲ್ಲಿ ಗಣಿತಜ್ಞ ರಾಮಾನುಜನ್ ಅವರನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ಅವರು ಕೊನೆಯುಸಿರೆಳೆದರು.

ರಂಗನಾಥನ್ ಅವರ ವರ್ಗೀಕರಣ ಪದ್ಧತಿ ಎಲ್ಲ ಗ್ರಂಥಾಲಯಗಳಲ್ಲೂ ನೆಲೆಯೂರಿತೆಂದು ಹೇಳುವಂತಿಲ್ಲ. ಮೊದಲೇ ಬೇರೂರಿದ್ದ ಡ್ಯೂಯಿ ಪದ್ಧತಿಯನ್ನು ಬಿಟ್ಟು, ಲಕ್ಷಗಟ್ಟಲೆ ಪುಸ್ತಕಗಳ ಅಂಕಿಗಳನ್ನು ಬದಲಾಯಿಸುವುದು ಸುಲಭವಲ್ಲ. ದ್ವಿಬಿಂದು ಪದ್ಧತಿಯ ಚಿಹ್ನೆಗಳೂ ಕೆಲವೊಮ್ಮೆ ಉದ್ದವಾಗಿ ಜಟಿಲವಾಗುತ್ತಿದ್ದವು. ಆದರೆ ಪದ್ಧತಿಗಿಂತ ಅದರ ಹಿಂದಿನ ತತ್ತ್ವ ದೊಡ್ಡದಾಗಿ ಬೆಳೆಯಿತು. 1950ರಲ್ಲಿ ಆರಂಭವಾದ ಬ್ರಿಟಿಷ್ ರಾಷ್ಟ್ರೀಯ ಗ್ರಂಥಸೂಚಿಯು ಅವರು ರೂಪಿಸಿದ ಸರಪಳಿ ಸೂಚೀಕರಣದ ವಿಧಾನವನ್ನು ಅನುಸರಿಸಿತು. ವಿಷಯವನ್ನು ಮುಖಮುಖಗಳಾಗಿ ಬಿಡಿಸುವ ಕ್ರಮವನ್ನು ಇಂಗ್ಲೆಂಡಿನ ವಿದ್ವಾಂಸರು ಕೈಗೆತ್ತಿಕೊಂಡು ಬೆಳೆಸಿದರು.

ಇಂದು ಗ್ರಂಥಾಲಯಗಳ ಮರದ ಪೆಟ್ಟಿಗೆಗಳಲ್ಲಿದ್ದ ಸೂಚಿಪತ್ರಗಳು ಕಂಪ್ಯೂಟರಿನೊಳಗೆ ಸೇರಿವೆ. ಪುಸ್ತಕಗಳಷ್ಟೇ ಅಲ್ಲದೆ, ಹಸ್ತಪ್ರತಿ, ಚಿತ್ರ, ಧ್ವನಿಮುದ್ರಿಕೆಗಳೂ ಅಂಕೀಯ ರೂಪ ತಳೆದಿವೆ. ಒಂದೊಂದರ ಜೊತೆಗೂ ಅದರ ಕರ್ತೃ, ವಿಷಯ, ಭಾಷೆ, ಕಾಲ, ಸ್ಥಳ ಇವುಗಳ ವಿವರವನ್ನು ದಾಖಲಿಸಬೇಕು. ಇದನ್ನು ಮೆಟಾಡೇಟಾ ಎಂದು ಕರೆಯುತ್ತಾರೆ. ಈ ವಿವರ ತಪ್ಪಾದರೆ, ಅಥವಾ ಇಲ್ಲವೇ ಇಲ್ಲವಾದರೆ, ಎಷ್ಟು ವೇಗದ ಯಂತ್ರವಾದರೂ ಬೇಕಾದುದನ್ನು ಹುಡುಕಿಕೊಡಲಾರದು. ಕಂಪ್ಯೂಟರಿನ ಸೂಚಿಯಲ್ಲಿ ಒಂದು ವಿಷಯವನ್ನು ಹುಡುಕಿ, ಸಿಕ್ಕ ನೂರಾರು ಹೆಸರುಗಳನ್ನು ಭಾಷೆ, ವರ್ಷ, ಲೇಖಕ ಎಂದು ಒಂದೊಂದಾಗಿ ಸೋಸುತ್ತ ಹೋಗುವ ವಿದ್ಯಾರ್ಥಿಯು, ತಿಳಿದೋ ತಿಳಿಯದೆಯೋ, ರಂಗನಾಥನ್ ಅವರು ವಿವರಿಸಿದ ಮುಖಗಳ ದಾರಿಯಲ್ಲಿಯೇ ನಡೆಯುತ್ತಿರುತ್ತಾನೆ.

ಆಗಸ್ಟ್ 12ನೆಯ ದಿನವನ್ನು ನಮ್ಮ ದೇಶದಲ್ಲಿ ಅವರ ನೆನಪಿಗಾಗಿ ರಾಷ್ಟ್ರೀಯ ಗ್ರಂಥಪಾಲಕರ ದಿನವೆಂದು ಆಚರಿಸುತ್ತಾರೆ. ಬಯಸದೆ ಬಂದ ಕೆಲಸವನ್ನು ಬೇಸರದಿಂದ ಕೈಬಿಡದೆ, ಅದರ ಆಳಕ್ಕಿಳಿದು, ಅಲ್ಲಿ ಹುದುಗಿದ್ದ ಶಾಸ್ತ್ರವನ್ನು ಬೆಳಕಿಗೆ ತಂದುದು ಅವರ ಹಿರಿಮೆ. ಯಾವ ಕೆಲಸವೂ ತಾನಾಗಿ ಹಿರಿದಲ್ಲ, ಕಿರಿದಲ್ಲ; ಮಾಡುವವನ ಶ್ರದ್ಧೆಯಿಂದ ಅದಕ್ಕೆ ಘನತೆ ಬರುತ್ತದೆ. ಈ ಮಾತಿಗೆ ರಂಗನಾಥನ್ ಅವರ ಬಾಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.